ನಲವತ್ತು ವರ್ಷ ಹಳೇ ಶಾಟೋ ಮಾರ್ಗೋ ಬಾಟ್ಲಿ ಕೈಗೆ ಬಂದ್ರೆ ಅದನ್ನ ಓಪನ್ ಮಾಡೋದು ಹೇಗೆ

ವರ್ಷಕ್ಕೆ ಒಬ್ರಿಬ್ರಾದ್ರೂ ಫೋನ್ ಮಾಡಿ ಕೇಳ್ತಾರೆ, ಮನೇಲಿ ಒಂದು ಹಳೇ ಫ್ರೆಂಚ್ ರೆಡ್ ವೈನ್ ಇದೆ, ಮಾವ ಕೊಟ್ಟಿದ್ದು ಅಂತಲೋ ಬಾಸ್ ರಿಟೈರ್ ಆಗುವಾಗ ಕೊಟ್ಟಿದ್ದು ಅಂತಲೋ, ಲೇಬಲ್ ಮೇಲೆ 1983 ಅಂತಿದೆ, ಈ ಶನಿವಾರ ಎಲ್ಲರೂ ಸೇರ್ತಿದೀವಿ, ತೆಗೆದುಬಿಡೋಣ್ವಾ ಅಂತ. ಈ ಶನಿವಾರ ಬೇಡ ಅಂತಾನೇ ನಾನು ಯಾವಾಗ್ಲೂ ಹೇಳೋದು. ನಾನು ಹನ್ನೊಂದು ವರ್ಷದಿಂದ ಫ್ರಾನ್ಸಿನ ಟುಲೂಸ್‌ನಲ್ಲಿದೀನಿ, ವಿಮಾನದ ಕೆಲಸ, ಇಲ್ಲಿಂದ ವೈನಿಗೆ ಹೆಸರಾದ ಬೋರ್ಡೋ ಟ್ರೇನಲ್ಲಿ ಎರಡು ಗಂಟೆ ದಾರಿ. ನಮ್ಮ ಮನೆ ಓನರ್ ಎಪ್ಪತ್ತು ದಾಟಿದ ಹಿರಿಯರು, ಹಳೇ ಬಾಟ್ಲಿ ತೆಗೆಯೋದನ್ನ ಅವರ ಪಕ್ಕದಲ್ಲೇ ನಿಂತು ಕಲಿತಿದ್ದು ನಾನು. ಅವರಿಂದ ಕಲಿತಿದ್ರಲ್ಲಿ ದೊಡ್ಡದು ಅಂದ್ರೆ ಬಿರಡೆ ಎಳೆಯೋಕೆ ಮುಂಚೆನೇ ಮುಕ್ಕಾಲು ಕೆಲಸ ಮುಗಿದಿರ್ಬೇಕು, ಅವಸರ ಮಾಡಿದ್ರೆ ನಲವತ್ತು ವರ್ಷ ಕಾದಿದ್ದು ನಲವತ್ತು ಸೆಕೆಂಡಲ್ಲಿ ಹಾಳಾಗತ್ತೆ. ಅದಕ್ಕೇ ಒಂದೊಂದೇ ಹಂತ ಬರೀತೀನಿ, ಉದಾಹರಣೆಗೆ ನಾನೇ ಹತ್ತಿರದಿಂದ ನೋಡಿದ ಶಾಟೋ ಮಾರ್ಗೋ 1983 ತಗೋತೀನಿ. ಬೇರೆ ಯಾವ ಹಳೇ ಬೋರ್ಡೋ ಆದ್ರೂ ದಾರಿ ಇದೇ.

ಮೊದಲು ಹೆಸರು. ಸ್ಪೆಲ್ಲಿಂಗ್ ನೋಡಿ ಮಾರ್ಗಾಕ್ಸ್ ಅನ್ಬೇಡಿ, ಕೊನೇ ಅಕ್ಷರ ಉಚ್ಚಾರ ಇಲ್ಲ, ಮಾರ್ಗೋ. ಬೋರ್ಡೋ ಊರಿಂದ ಉತ್ತರಕ್ಕೆ ಜಿರೋಂದ್ ನದಿ ಬದಿಯ ಮೆಡಾಕ್ ಅನ್ನೋ ಪ್ರದೇಶದಲ್ಲಿ ಮಾರ್ಗೋ ಅಂತ ಒಂದು ಹಳ್ಳಿ, ಆ ಹಳ್ಳಿ ಹೆಸರೇ ಎಸ್ಟೇಟಿಗೂ. 1787ರಲ್ಲಿ ಥಾಮಸ್ ಜೆಫರ್ಸನ್ ಬೋರ್ಡೋಗೆ ಬಂದಾಗ, ಆಗಿನ್ನೂ ಅವರು ಅಮೆರಿಕದ ಅಧ್ಯಕ್ಷ ಆಗಿರ್ಲಿಲ್ಲ, ಅತ್ಯುತ್ತಮ ಅಂತ ಬರೆದಿಟ್ಟ ನಾಲ್ಕು ತೋಟಗಳಲ್ಲಿ ಇದೂ ಒಂದು. 1855ರಲ್ಲಿ ಮೂರನೇ ನೆಪೋಲಿಯನ್ ಪ್ಯಾರಿಸ್ ಪ್ರದರ್ಶನಕ್ಕೆ ಅಂತ ಬೋರ್ಡೋ ವೈನ್‌ಗಳನ್ನ ಐದು ದರ್ಜೆ ಮಾಡಿಸಿದಾಗ ಮೊದಲ ದರ್ಜೇಲಿ ಬಂದಿದ್ದೂ ಅವೇ ನಾಲ್ಕು, ಲಫೀತ್, ಲತೂರ್, ಮಾರ್ಗೋ, ಒ ಬ್ರಿಯೋನ್. ಮೂತೋನ್ ರೋತ್ಶಿಲ್ಡ್ ಆ ಸಾಲಿಗೆ ಸೇರಿದ್ದು 1973ರಲ್ಲಿ. ಲೇಬಲ್ ಮೇಲೆ ಕಂಬಗಳಿರೋ ದೊಡ್ಡ ಮನೆ ಚಿತ್ರ ಇದ್ಯಲ್ಲ, ಅದು 1810ರ ದಶಕದಲ್ಲಿ ಲೂಯಿ ಕೋಂಬ್ ಅನ್ನೋ ವಾಸ್ತುಶಿಲ್ಪಿ ಕಟ್ಟಿದ್ದು, ಇವತ್ತಿಗೂ ಹಾಗೇ ನಿಂತಿದೆ, ಎರಡೂ ಕಡೆ ಮರಗಳ ಸಾಲಿನ ಕೊನೇಲಿ. ನಾನು ಗೇಟಿನ ಹೊರಗೆ ನಿಂತು ನೋಡಿದೀನಿ. ಮನೆಗಿಂತ ನನ್ನ ಕಣ್ಣು ಹೋಗಿದ್ದು ತೋಟದ ನೆಲಕ್ಕೆ, ದ್ರಾಕ್ಷಿ ಬುಡದಲ್ಲಿ ಮಣ್ಣೇ ಕಾಣಲ್ಲ, ಬರೀ ಉರುಟು ಬೆಣಚುಕಲ್ಲು, ಕೋಳಿಮೊಟ್ಟೆ ಗಾತ್ರದ್ದು. ನಮ್ಮೂರಲ್ಲಿ ಅಂಥ ಜಮೀನು ಕೊಟ್ರೆ ಯಾರೂ ತಗೊಳಲ್ಲ. ಆದ್ರೆ ಆ ಕಲ್ಲೇ ನೀರು ನಿಲ್ಲೋಕೆ ಬಿಡದೆ ಬೇರನ್ನ ಕೆಳಕ್ಕೆ ಕಳಿಸತ್ತೆ, ಹಗಲಿನ ಬಿಸಿ ಹಿಡಿದಿಟ್ಟು ಕ್ಯಾಬರ್ನೆ ಸೋವಿನ್ಯೋನ್ ಅನ್ನೋ ತಡವಾಗಿ ಹಣ್ಣಾಗೋ ದ್ರಾಕ್ಷೀನ ಹಣ್ಣು ಮಾಡತ್ತೆ.

1983 ಯಾಕೆ ಅಂದ್ರೆ, ಅದಕ್ಕೆ ಹಿಂದಿನ 1982 ಇಡೀ ಬೋರ್ಡೋದಲ್ಲಿ ಭಾರಿ ಹೆಸರು ಮಾಡಿದ ವರ್ಷ, ಅದರ ನೆರಳಲ್ಲಿ 83 ಮರೆತೇ ಹೋಗೋ ಹಾಗಾಯ್ತು, ಆದ್ರೆ ಮಾರ್ಗೋ ಹಳ್ಳಿ ಸುತ್ತಮುತ್ತ ಮಾತ್ರ 83 ತುಂಬಾನೇ ಚೆನ್ನಾಗಿ ಬಂತು, 82ಕ್ಕಿಂತ ಇದೇ ಮೇಲು ಅನ್ನೋರು ಬೇಕಾದಷ್ಟು ಜನ ಇದಾರೆ, ನಾನೂ ಆ ಕಡೆಯವನೇ. 1977ರಲ್ಲಿ ಗ್ರೀಸ್ ಮೂಲದ ಆಂಡ್ರೆ ಮೆಂತ್ಸೆಲೊಪೌಲೋಸ್ ಈ ಸೊರಗಿದ್ದ ಎಸ್ಟೇಟನ್ನ ಕೊಂಡು ದುಡ್ಡು ಸುರಿದು ಎಬ್ಬಿಸಿ ನಿಲ್ಸಿದ್ರು, 1980ರಲ್ಲಿ ಅವರು ತೀರ್ಕೊಂಡ ಮೇಲೆ ಮಗಳು ಕೊರಿನ್ ನಡೆಸಿದ್ರು, ಮುಂದೆ ಎಷ್ಟೋ ವರ್ಷ ಈ ವೈನಿನ ಹಿಂದಿನ ಕೈ ಆಗಿದ್ದ ಪಾಲ್ ಪೊಂಟಾಲಿಯೇ ಕೆಲಸಕ್ಕೆ ಸೇರಿದ್ದೂ 1983ರಲ್ಲೇ. ನಮ್ಮ ಓನರ್ ಮನೇಲಿ ಆ ವರ್ಷದ್ದೇ ಇರೋಕೆ ಇದ್ಯಾವುದೂ ಕಾರಣ ಅಲ್ಲ, ಅವರ ಮಗಳು ಹುಟ್ಟಿದ್ದು ಆ ವರ್ಷ. ಮಗು ಹುಟ್ಟಿದ ವರ್ಷದ ವೈನ್ ತಗೊಂಡು ನೆಲಮಾಳಿಗೇಲಿ ಇಡೋದು ಇಲ್ಲಿ ಎಷ್ಟೋ ಮನೆಗಳಲ್ಲಿ ಪದ್ಧತಿ, ನಮ್ಮಲ್ಲಿ ಮಗಳ ಹೆಸರಲ್ಲಿ ಬಂಗಾರ ಎತ್ತಿಡೋ ಹಾಗೆ.

ಸರಿ, ಈಗ ಕೆಲಸಕ್ಕೆ ಬರೋಣ. ಬಾಟ್ಲೀನ ಮಲಗಿಸಿದ ಜಾಗದಿಂದ ನಿಧಾನಕ್ಕೆ ಎತ್ತಿ ಬೆಳಕಿಗೆ ಹಿಡೀರಿ. ವೈನ್ ಎಲ್ಲಿವರೆಗಿದೆ ನೋಡಿ. ಬೋರ್ಡೋ ಬಾಟ್ಲಿಗೆ ಕತ್ತು ಇದೆ, ಕತ್ತು ಅಗಲ ಆಗೋ ಕಡೆ ಭುಜ ಇದೆ. ನಲವತ್ತು ವರ್ಷದ ಬಾಟ್ಲೀಲಿ ಕತ್ತಿನ ಬುಡದವರೆಗೆ ಇದ್ರೆ ತುಂಬ ಒಳ್ಳೇದು, ಭುಜದ ಮೇಲ್ಭಾಗಕ್ಕೆ ಇಳಿದಿದ್ರೂ ಪರವಾಗಿಲ್ಲ, ಕಾರ್ಕ್ ಮೂಲಕ ಅಷ್ಟು ಆವಿ ಆಗೇ ಆಗತ್ತೆ. ಭುಜದ ಮಧ್ಯಕ್ಕೋ ಇನ್ನೂ ಕೆಳಕ್ಕೋ ಇಳಿದಿದ್ರೆ ಅಷ್ಟೂ ಜಾಗಕ್ಕೆ ಗಾಳಿ ಹೋಗಿದೆ ಅಂತ ಅರ್ಥ, ವೈನ್ ಕೆಟ್ಟಿರೋ ಸಾಧ್ಯತೆ ಜಾಸ್ತಿ, ಅಂಥದ್ದನ್ನ ದುಡ್ಡು ಕೊಟ್ಟು ಮಾತ್ರ ತಗೋಬೇಡಿ. ಕತ್ತಿನ ಮೇಲಿನ ಕ್ಯಾಪ್ಸೂಲ್, ಅಂದ್ರೆ ಕಾರ್ಕ್ ಮೇಲೆ ಹೊದಿಸಿರೋ ಲೋಹದ ಹಾಳೆ, ಅದರ ಸುತ್ತ ಅಂಟಂಟಾಗಿ ವೈನ್ ಒಸರಿದ ಗುರುತು ಇದ್ಯಾ, ಕಾರ್ಕ್ ಉಬ್ಬಿ ಮೇಲಕ್ಕೆ ಬಂದಿದ್ಯಾ ನೋಡಿ, ಬಂದಿದ್ರೆ ಎಲ್ಲೋ ಬಿಸಿಲು ಸೆಕೆ ತಿಂದಿದೆ. ಲೇಬಲ್ ಮಾಸಿದ್ರೆ, ಸ್ವಲ್ಪ ಬೂಸ್ಟು ಹಿಡಿದಿದ್ರೆ ಚಿಂತೆ ಬೇಡ, ತೇವ ಇರೋ ನೆಲಮಾಳಿಗೇಲಿ ಇದ್ದಿದ್ದಕ್ಕೆ ಅದು ಸಾಕ್ಷಿ. ಲೇಬಲ್ ಹೊಸಾದಾಗಿ ಫಳಫಳ ಅಂತಿದ್ರೇನೇ ನಾನು ಎರಡು ಸಲ ನೋಡ್ತೀನಿ.

ಇಲ್ಲೊಂದು ಮಾತು ಊರಲ್ಲಿರೋರಿಗೆ. ಬಾಟ್ಲೀನ ಹಾಲಿನ ಶೋಕೇಸಲ್ಲಿ ಲೈಟ್ ಹಾಕಿ ನಿಲ್ಲಿಸಿಡೋದು ನಮ್ಮ ಕಡೆ ಎಲ್ಲರ ಮನೇಲೂ ನೋಡಿದೀನಿ. ದಯವಿಟ್ಟು ಬೇಡ. ವೈನಿಗೆ ಬೇಕಿರೋದು ಕತ್ತಲು, 12ರಿಂದ 14 ಡಿಗ್ರಿ ಒಂದೇ ಸಮನಾದ ತಂಪು, ಸುಮಾರು 70 ಪರ್ಸೆಂಟ್ ತೇವ, ಅಲುಗಾಟ ಇಲ್ಲದ ಜಾಗ, ಮತ್ತೆ ಕಾರ್ಕ್ ಒಣಗದ ಹಾಗೆ ಅಡ್ಡ ಮಲಗಿರೋದು. ಬೆಂಗಳೂರಿನ ಏಪ್ರಿಲ್ ಸೆಕೇಲಿ ನಿಲ್ಲಿಸಿಟ್ರೆ ಕಾರ್ಕ್ ಒಣಗಿ ಕುಗ್ಗತ್ತೆ, ಗಾಳಿ ನುಗ್ಗತ್ತೆ, ನಾಲ್ಕೈದು ಬೇಸಿಗೆ ಕಳೆಯೋದ್ರೊಳಗೆ ಮುಗೀತು. ವೈನ್ ಫ್ರಿಜ್ ಇಲ್ಲದಿದ್ರೆ ಹಳೇ ವೈನ್ ಕಾಪಾಡೋಕೆ ಹೋಗ್ಬೇಡಿ, ತಂದಿದ್ದನ್ನ ಆ ವರ್ಷದಲ್ಲೇ ಕುಡೀರಿ. ಹಾಗೇ ಎಲ್ಲಾ ವೈನೂ ಇಟ್ಟಷ್ಟು ಚೆನ್ನಾಗಾಗತ್ತೆ ಅನ್ನೋದೂ ಸುಳ್ಳು. ನಮ್ಮ ನಂದಿ ಬೆಟ್ಟದ ಕಡೆ ಗ್ರೋವರ್ ಅವರು ಬೋರ್ಡೋದ ಮಿಶೆಲ್ ರೋಲಾನ್ ಸಲಹೆ ತಗೊಂಡು ಒಳ್ಳೇ ರೆಡ್ ಮಾಡಿದ್ರು, ಆದ್ರೆ ಅದನ್ನ ಕೆಲವೇ ವರ್ಷದೊಳಗೆ ಕುಡಿಯೋದೇ ಚೆಂದ, ನಲವತ್ತು ವರ್ಷ ಇಡೋ ಸಾಮಾನಲ್ಲ ಅದು.

ತರೋರಿಗೂ ಒಂದು ಮಾತು. ಭಾರತಕ್ಕೆ ಒಬ್ಬರಿಗೆ ಎರಡು ಲೀಟರ್‌ವರೆಗೆ ಡ್ಯೂಟಿ ಇಲ್ಲದೆ ತರ್ಬಹುದು, ಅಂದ್ರೆ 750 ಎಂ.ಎಲ್.ನ ಎರಡು ಬಾಟ್ಲಿ. ದಪ್ಪ ಬಟ್ಟೆ ಸುತ್ತಿ ಸೂಟ್‌ಕೇಸಿನ ನಟ್ಟನಡುವೆ ಇಡಿ, ಅಂಚಿಗೆ ಬೇಡ. ಒಡೆಯೋದು ಎಷ್ಟು ಸುಲಭ ಅನ್ನೋಕೆ ಇದೇ ಮಾರ್ಗೋದ್ದು ಒಂದು ಕಥೆ ಇದೆ, 1989ರಲ್ಲಿ ನ್ಯೂಯಾರ್ಕಿನ ಒಬ್ಬ ವೈನ್ ವ್ಯಾಪಾರಿ ಜೆಫರ್ಸನ್‌ಗೆ ಸೇರಿದ್ದು ಅಂತ ಹೇಳಲಾಗ್ತಿದ್ದ 1787ರ ಬಾಟ್ಲೀನ ಒಂದು ಡಿನ್ನರಿಗೆ ತೋರ್ಸೋಕೆ ಅಂತ ತಗೊಂಡು ಹೋದ್ರು, ಅಲ್ಲಿ ಟೇಬಲಿಗೆ ತಾಗಿ ತೂತಾಗಿ ಬಹುಪಾಲು ವೈನ್ ಸೋರಿ ಹೋಯ್ತು, ಇನ್ಶೂರೆನ್ಸಿನವರು 2,25,000 ಡಾಲರ್ ಕೊಟ್ರು. ನಿಮ್ಮ ಬಾಟ್ಲಿಗೆ ಇನ್ಶೂರೆನ್ಸ್ ಇರಲ್ಲ.

ಈಗ ಬರೋದೇ ಎಲ್ಲರೂ ತಪ್ಪೋ ಹಂತ. ಬಾಟ್ಲೀನ ನೆಟ್ಟಗೆ ನಿಲ್ಲಿಸಿ ಬಿಡ್ಬೇಕು. ಕನಿಷ್ಠ ಎರಡು ದಿನ, ಸಾಧ್ಯ ಆದ್ರೆ ಒಂದು ವಾರ, ದೂರ ಪ್ರಯಾಣ ಮಾಡಿ ಬಂದಿದ್ರೆ ಮೊದಲು ಎರಡು ಮೂರು ವಾರ ಮಲಗಿಸಿ ಆರಾಮಾಗೋಕೆ ಬಿಟ್ಟು ಆಮೇಲೆ ಒಂದು ವಾರ ನಿಲ್ಲಿಸೋದು. ಕಾರಣ ಏನಂದ್ರೆ ಹೊಸಾ ವೈನಲ್ಲಿ ಬಾಯಿ ಒಗರು ಮಾಡೋ ಟ್ಯಾನಿನ್ ಮತ್ತೆ ಬಣ್ಣದ ಅಂಶ ವರ್ಷಗಟ್ಲೆ ಒಂದಕ್ಕೊಂದು ಅಂಟ್ಕೊಂಡು ದಪ್ಪ ಆಗಿ ತಳಕ್ಕೆ ಇಳಿಯತ್ತೆ, ಅದೇ ಗಸಿ. ವೈನ್ ಮೃದು ಆಗಿದ್ದೂ ಅದರಿಂದಲೇ, ಒಗರು ಕೆಳಗೆ ಕೂತಿದೆ. ಆ ಗಸಿ ಕಾಫಿ ಚರಟಕ್ಕಿಂತ ನುಣುಪು, ಹೊಗೆ ಥರ, ಒಂದು ಸಲ ಕದಡಿದ್ರೆ ಗಂಟೆ ಎರಡು ಗಂಟೇಲಿ ಕೂರಲ್ಲ. ನಾನು ಮೊದಲ್ನೇ ಸಲ ತಂದ ಹಳೇ ಬಾಟ್ಲಿ, ಇಷ್ಟು ದೊಡ್ಡ ಹೆಸರಿನದಲ್ಲ, 1990ರದ್ದು, ಅಂಗಡಿಯವರು ಇವತ್ತೇ ಕುಡೀಬಹುದು ಅಂದ್ರು ಅಂತ ಬ್ಯಾಗಲ್ಲಿ ಹಾಕ್ಕೊಂಡು ಟ್ರೇನಲ್ಲಿ ಬಂದು ಅವತ್ತೇ ರಾತ್ರಿ ತೆಗೆದೆ. ಲೋಟದಲ್ಲಿ ಕೆಸರು ನೀರಿನ ಹಾಗೆ ಬಂತು, ಕಹಿ, ನಾಲಿಗೆ ಮೇಲೆ ಪುಡಿ ಪುಡಿ. ಹೆಂಡತಿ ಎರಡು ಗುಟುಕು ಕುಡಿದು ಸುಮ್ನೆ ಲೋಟ ಕೆಳಗಿಟ್ಲು. ಆ ಬೇಜಾರು ಇನ್ನೂ ಇದೆ ನಂಗೆ, ವೈನ್ ಕೆಟ್ಟಿರ್ಲಿಲ್ಲ, ನಾನು ಕದಡಿದ್ದೆ ಅಷ್ಟೇ.

ನಿಲ್ಲಿಸೋ ಜಾಗ ತಂಪಾಗಿರ್ಲಿ, ಓಡಾಡೋ ದಾರಿ ಬೇಡ. ಕುಡಿಯುವಾಗ ವೈನ್ 16ರಿಂದ 18 ಡಿಗ್ರಿ ಇರ್ಬೇಕು. ರೆಡ್ ವೈನ್ ರೂಮ್ ಟೆಂಪರೇಚರಲ್ಲಿ ಕುಡೀಬೇಕು ಅಂತಾರಲ್ಲ, ಆ ರೂಮು ಹೀಟರ್ ಇಲ್ಲದ ಕಾಲದ ಫ್ರಾನ್ಸಿನ ಕಲ್ಲು ಮನೆ ರೂಮು, ನಿಮ್ಮ ಜಯನಗರದ ರೂಮಲ್ಲ. ಮನೆ 28 ಡಿಗ್ರಿ ಇದ್ರೆ ಬಾಟ್ಲೀನ ಅಲುಗಾಡಿಸದೆ ಫ್ರಿಜ್ಜಿನ ಒಳಗಿನ ತಟ್ಟೆ ಮೇಲೆ, ಬಾಗಿಲಲ್ಲಿ ಬೇಡ, ನೆಟ್ಟಗೇ ಒಂದು ಒಂದೂಕಾಲು ಗಂಟೆ ಇಟ್ಟು ತೆಗೀರಿ. ಬೆಚ್ಚಗಿದ್ರೆ ಬರೀ ಸಾರಾಯಿ ಘಾಟೇ ಮೂಗಿಗೆ ಬರತ್ತೆ, ವಿಪರೀತ ತಣ್ಣಗಿದ್ರೆ ಪರಿಮಳ ಮುಚ್ಕೊಂಡುಬಿಡತ್ತೆ.

ಲೋಟ ಮತ್ತೆ ಡಿಕ್ಯಾಂಟರ್, ಅಂದ್ರೆ ವೈನ್ ಬಗ್ಗಿಸಿಕೊಳ್ಳೋ ಗಾಜಿನ ಹೂಜಿ, ಬೆಳಿಗ್ಗೆನೇ ತೊಳೆದಿಡಿ, ಬರೀ ಬಿಸಿನೀರಲ್ಲಿ, ಪಾತ್ರೆ ಸೋಪಿನ ನಿಂಬೆ ವಾಸನೆ ಒಂದಿಷ್ಟು ಉಳಿದ್ರೂ ಎಲ್ಲಾ ಹೋಯ್ತು. ಬೀರು ಒಳಗಿಂದ ತೆಗೆದ ಲೋಟಕ್ಕೆ ಮರದ್ದೋ ನುಸಿ ಗುಳಿಗೇದೋ ವಾಸನೆ ಇರತ್ತೆ, ಮೂಗಿಟ್ಟು ನೋಡಿ. ಬಾಯಿ ಸ್ವಲ್ಪ ಕಿರಿದಾಗಿರೋ ದೊಡ್ಡ ಲೋಟ ಒಳ್ಳೇದು. ಡಿಕ್ಯಾಂಟರ್ ಇಲ್ಲದಿದ್ರೆ ಗಾಜಿನ ಜಗ್ ಸಾಕು, ಪಾರದರ್ಶಕ ಇದ್ರಾಯ್ತು.

ಕ್ಯಾಪ್ಸೂಲ್ ಬಿಚ್ಚೋದು. ತೊಂಬತ್ತರ ದಶಕಕ್ಕಿಂತ ಮುಂಚಿನ ಬಾಟ್ಲಿಗಳ ಕ್ಯಾಪ್ಸೂಲ್ ಸೀಸದ್ದು, ಆಮೇಲೆ ಯೂರೋಪಲ್ಲಿ ನಿಷೇಧ ಆಯ್ತು. ಅದಕ್ಕೇ 1983ರದ್ದಕ್ಕೆ ಕ್ಯಾಪ್ಸೂಲ್ ಪೂರ್ತಿ ತೆಗೆದು, ಬಾಟ್ಲಿ ಬಾಯಿ ಮತ್ತೆ ಕಾರ್ಕಿನ ತಲೆ ಒದ್ದೆ ಬಟ್ಟೇಲಿ ಎರಡು ಮೂರು ಸಲ ಚೆನ್ನಾಗಿ ಒರೆಸ್ಬೇಕು, ಕಪ್ಪು ಬೂಸ್ಟು ಇದ್ರೆ ಅದೂ ಹೋಗತ್ತೆ, ಒರೆಸಿದ ಬಟ್ಟೆ ಎಸೀರಿ, ಕೈ ತೊಳ್ಕೊಳ್ಳಿ. ಪೂರ್ತಿ ತೆಗೆಯೋಕೆ ಇನ್ನೊಂದು ಕಾರಣ, ಸುರಿಯುವಾಗ ಕತ್ತಿನೊಳಗೆ ನೋಡ್ಬೇಕು.

ಕಾರ್ಕ್. ಇಂಥ ಎಸ್ಟೇಟಿನ ಕಾರ್ಕ್ ಉದ್ದ, ಐದು ಸೆಂಟಿಮೀಟರಿಗೂ ಜಾಸ್ತಿ, ನಲವತ್ತು ವರ್ಷಕ್ಕೆ ಅದು ನೆನೆದ ಬ್ರೆಡ್ ಹಾಗೆ ಆಗಿರತ್ತೆ. ಮಾಮೂಲಿ ಸ್ಕ್ರೂ ಹಾಕಿ ಝಪ್ಪಂತ ಎಳೆದ್ರೆ ಮೇಲರ್ಧ ಕೈಗೆ, ಕೆಳಗರ್ಧ ಒಳಗೆ. ಎರಡು ತೆಳು ಅಲಗಿರೋ ಓಪನರ್ ಸಿಗತ್ತೆ, ಅಲಗುಗಳನ್ನ ಕಾರ್ಕ್ ಮತ್ತೆ ಗಾಜಿನ ನಡುವೆ ಆಚೆ ಈಚೆ ಅಲ್ಲಾಡಿಸ್ತಾ ಇಳಿಸಿ, ತಿರುಗಿಸ್ತಾ ಮೇಲೆತ್ತೋದು. ಅದರ ಜೊತೆಗೆ ಮಧ್ಯ ಸ್ಕ್ರೂನೂ ಇರೋ ದುರಾಂಡ್ ಅಂತ ಒಂದು ಬರತ್ತೆ, ಬೆಲೆ ಜಾಸ್ತಿ, ಆದ್ರೆ ಹಳೇ ಬಾಟ್ಲಿ ತೆಗೆಯೋ ಅಭ್ಯಾಸ ಇದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನಮ್ಮ ಓನರ್ ಹತ್ರ ಇದ್ದಿದ್ದು ಎರಡಲಗಿನದ್ದು, ಅವರಪ್ಪನ ಕಾಲದ್ದು. ಬಾಟ್ಲೀನ ಟೇಬಲಿಂದ ಎತ್ತಲೇ ಇಲ್ಲ ಅವರು, ಎಡಗೈ ಕತ್ತಿನ ಮೇಲೆ, ಬಲಗೈ ಗಡಿಯಾರದ ಮುಳ್ಳಿನ ಹಾಗೆ ಒಂಚೂರು ಒಂಚೂರೇ ತಿರುಗಿಸ್ತಾ ಹೋದ್ರು, ಐದು ನಿಮಿಷ ಆಯ್ತೇನೋ, ಕೊನೆಗೆ ಟಕ್ ಅಂತ ಸದ್ದೂ ಬರಲಿಲ್ಲ, ಉಸಿರು ಬಿಟ್ಟ ಹಾಗೆ ಬಂತು ಅಷ್ಟೇ. ಕಾರ್ಕಿನ ಪಕ್ಕ ಎಸ್ಟೇಟ್ ಹೆಸರು, ವರ್ಷ ಒತ್ತಿರತ್ತೆ. ಲೇಬಲ್ ಮೇಲಿನ ವರ್ಷವೂ ಅದೂ ಒಂದೇನಾ ನೋಡ್ಲೇಬೇಕು, ನಕಲಿ ಹಿಡಿಯೋಕೆ ಅದು ಮೊದಲ್ನೇ ಪರೀಕ್ಷೆ.

ಮುರಿದು ಒಳಗೆ ಬಿದ್ರೆ ಗಾಬರಿ ಆಗ್ಬೇಡಿ. ತೊಳೆದು ಒಣಗಿಸಿದ ತೆಳು ಹತ್ತಿ ಬಟ್ಟೆ ಮೂಲಕ ಸೋಸಿದ್ರೆ ಕಾರ್ಕ್ ಚೂರು ನಿಲ್ಲತ್ತೆ. ಟೀ ಸೋಸೋ ಜಾಲರಿ ಮುಟ್ಬೇಡಿ, ಎಷ್ಟು ತೊಳೆದ್ರೂ ಅದಕ್ಕೆ ಏಲಕ್ಕಿ ಶುಂಠಿ ವಾಸನೆ ಇರತ್ತೆ.

ಇನ್ನು ಸುರಿಯೋದು, ಇಡೀ ಕೆಲಸದ ಜೀವ ಇದೇ. ಬಾಟ್ಲಿ ಗಾಜು ಕಡು ಹಸಿರು, ಒಳಗೇನೂ ಕಾಣಲ್ಲ, ಅದಕ್ಕೇ ಕತ್ತಿನ ಹಿಂದೆ ಬೆಳಕು ಬೇಕು. ಓನರ್ ಮೇಣದಬತ್ತಿ ಹಚ್ಚಿದ್ರು, ಅದನ್ನ ಹಿಡ್ಕೊಂಡಿದ್ದು ನಾನು, ಫೋನ್ ಟಾರ್ಚ್ ಆದ್ರೂ ಆಗತ್ತೆ, ಟೇಬಲ್ ಮೇಲೆ ಮೇಲ್ಮುಖ ಮಾಡಿಟ್ರೆ ಸಾಕು. ಒಂದು ಕೈಲಿ ಡಿಕ್ಯಾಂಟರ್ ವಾಲಿಸಿ ಹಿಡಿದು ಇನ್ನೊಂದು ಕೈಲಿ ಬಾಟ್ಲೀನ ನಿಧಾನಕ್ಕೆ ಬಗ್ಗಿಸಿ, ವೈನ್ ಗಾಜಿನ ಗೋಡೆ ಮೇಲೆ ಜಾರಿ ಇಳೀಬೇಕು, ದಬದಬ ಬೀಳ್ಬಾರ್ದು. ಒಂದು ಸಲ ಬಗ್ಗಿಸಿದ ಮೇಲೆ ಮುಗಿಯೋವರೆಗೂ ಬಾಟ್ಲೀನ ನೆಟ್ಟಗೆ ಮಾಡ್ಲೇಬಾರ್ದು, ಮಾಡಿದ್ರೆ ತಳದ್ದು ಎದ್ದುಬಿಡತ್ತೆ, ಮಧ್ಯ ಫೋನ್ ಬಂದ್ರೂ ಯಾರಾದ್ರೂ ಕರೆದ್ರೂ ಕಿವಿಗೆ ಹಾಕ್ಕೊಳ್ಳೋ ಹಾಗಿಲ್ಲ. ಮೊದಲು ಕತ್ತಲ್ಲಿ ಮಾಣಿಕ್ಯದ ಬಣ್ಣ ಶುಭ್ರವಾಗಿ ಹರೀತಿರತ್ತೆ, ಮುಕ್ಕಾಲು ಪಾಲು ಆದ್ಮೇಲೆ ಭುಜದ ಹತ್ರ ಒಂದು ಎಳೆ, ಊದುಬತ್ತಿ ಹೊಗೆ ಥರ, ತೆವಳ್ತಾ ಬರತ್ತೆ. ನಂಗದು ಕಂಡು ನಾನು ಬಂತು ಅಂದೆ, ಅವರು ಇನ್ನೂ ಇದೆ ಅನ್ನೋ ಹಾಗೆ ತಲೆ ಅಲ್ಲಾಡಿಸಿದ್ರು, ಆ ಎಳೆ ಕತ್ತಿನ ಬುಡಕ್ಕೆ ಬರೋ ಕ್ಷಣದಲ್ಲಿ ಕೈ ತಿರುಗಿಸಿ ನಿಲ್ಲಿಸಿದ್ರು. ಬೋರ್ಡೋ ಬಾಟ್ಲಿಗೆ ಆ ಭುಜ ಇರೋದ್ರಿಂದಾನೇ ಗಸಿ ಅಲ್ಲಿ ತಡೆದು ನಿಲ್ಲತ್ತೆ. ಬಾಟ್ಲೀಲಿ ಐವತ್ತು ಎಂ.ಎಲ್. ಉಳೀತು, ಉಳೀಲಿ, ಅದರಾಸೆಗೆ ಬಿದ್ದು ಮಿಕ್ಕಿದ್ದು ಕೆಡಿಸ್ಕೋಬೇಡಿ. 700 ಎಂ.ಎಲ್. ಶುಭ್ರವಾಗಿದ್ದು ಸಿಕ್ರೆ ಆರು ಜನಕ್ಕೆ ಬರತ್ತೆ.

ಈಗ ಮೂಗು. ತೆಗೆದ ತಕ್ಷಣ ಸ್ವಲ್ಪ ಮುಗ್ಗಲು ವಾಸನೆ ಬಂದ್ರೆ ಹೆದರ್ಬೇಡಿ, ನಲವತ್ತು ವರ್ಷ ಬಾಗಿಲು ಹಾಕಿದ್ದ ಮನೆ ಅದು, ಹತ್ತು ಹದಿನೈದು ನಿಮಿಷಕ್ಕೆ ಹೋಗತ್ತೆ. ಹೋಗದೆ ಒದ್ದೆ ರಟ್ಟಿನ ಡಬ್ಬ, ಮಳೇಲಿ ನೆನೆದ ಗೋಣಿಚೀಲದ ವಾಸನೆ ಜಾಸ್ತಿನೇ ಆಗ್ತಾ ಹೋದ್ರೆ ಅದು ಕಾರ್ಕಿಂದ ಬಂದ ಟಿಸಿಎ ಅನ್ನೋ ರಾಸಾಯನಿಕ, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ರೂ ಗೊತ್ತಾಗತ್ತೆ, ಅದಕ್ಕೆ ಮದ್ದಿಲ್ಲ. ವಿನೆಗರ್ ಘಾಟು ಬಂದು ಬಣ್ಣ ಪೂರ್ತಿ ಕಂದು ಆಗಿದ್ರೆ ಗಾಳಿ ಹೊಕ್ಕಿದೆ. ಚೆನ್ನಾಗಿರೋ ವೈನಿನ ಬಣ್ಣ ಹೇಗಿರತ್ತೆ ಅಂದ್ರೆ ಬಿಳೀ ಬಟ್ಟೆ ಮೇಲೆ ಲೋಟ ವಾಲಿಸಿ ನೋಡಿ, ನಡುವೆ ದಾಳಿಂಬೆ, ಅಂಚಿಗೆ ಹೆಂಚಿನ ಕೆಂಪು.

ಎಷ್ಟು ಹೊತ್ತು ಗಾಳಿಗಿಡ್ಬೇಕು ಅಂತ ಎಲ್ಲರೂ ಕೇಳ್ತಾರೆ. ಹೊಸಾ ವೈನಿಗೆ ಎರಡು ಮೂರು ಗಂಟೆ ಅಂತಾರೆ, ಅದನ್ನ ಇದಕ್ಕೆ ತಂದು ಹಚ್ಬೇಡಿ. ಸುರಿದ ತಕ್ಷಣ ಒಂದು ಗುಟುಕು ಎಲ್ಲರಿಗೂ ಕೊಡಿ, ರುಚಿ ಬಿಚ್ಕೊಂಡಿಲ್ಲ ಅನ್ಸಿದ್ರೆ ಇಪ್ಪತ್ತು ಮೂವತ್ತು ನಿಮಿಷ ಕಾಯಿರಿ, ಅದಕ್ಕಿಂತ ಜಾಸ್ತಿ ಲೋಟದಲ್ಲೇ ಆಗ್ಲಿ. ಐವತ್ತರ ಅರವತ್ತರ ದಶಕದ ಬಾಟ್ಲಿ ಆದ್ರೆ ಅದೂ ಬೇಡ, ಸುರಿದು ಕುಡಿಯೋದೇ, ಅಂಥವು ಕೆಲವು ಸಲ ಅರ್ಧ ಗಂಟೇಲಿ ಸೊರಗಿ ಹೋಗತ್ತೆ. ಲೋಟಕ್ಕೆ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಹಾಕಿ.

ಹಣ್ಣಿನ ಸಿಹಿ ಹುಡುಕಿದ್ರೆ ನಿರಾಸೆ ಆಗತ್ತೆ. ಅವತ್ತು ನಂಗೆ ಮೊದಲು ಬಂದಿದ್ದು ಪೆನ್ಸಿಲ್ ಕೆತ್ತಿದಾಗ ಬರೋ ಮರದ ವಾಸನೆ, ಆಮೇಲೆ ಒಣಗಿದ ಗುಲಾಬಿ, ಹೊಗೆಸೊಪ್ಪು, ಹೊಸಾ ಮಳೆ ಬಿದ್ದ ಮಣ್ಣು, ಕೊನೆಗೆ ಕಾಡಲ್ಲಿ ಎಲೆ ಕೊಳೆತ ಕಡೆ ಅಣಬೆ ಎದ್ದಾಗಿನ ವಾಸನೆ. ಬಾಯಲ್ಲಿ ಭಾರನೇ ಇಲ್ಲ, ಆ ಕಾಲದ ಬೋರ್ಡೋದಲ್ಲಿ ಆಲ್ಕೋಹಾಲ್ ಸುಮಾರು 12.5 ಪರ್ಸೆಂಟ್ ಅಷ್ಟೇ, ನುಂಗಿ ನಿಮಿಷ ಆದ್ರೂ ರುಚಿ ಹೋಗಿರಲಿಲ್ಲ. ಓನರ್ ಮಗಳು ಎರಡೂ ಕೈಲಿ ಲೋಟ ಹಿಡ್ಕೊಂಡು ಸುಮಾರು ಹೊತ್ತು ಕುಡೀದೆ ಬರೀ ಮೂಗಿಟ್ಟು ಕೂತಿದ್ರು.

ಊಟ ಸಪ್ಪೆ ಇರ್ಲಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಬಿರಿಯಾನಿ, ಖಾರದ ಸಾರು, ಮಸಾಲೆ ಫ್ರೈ ಜೊತೆ ಇಟ್ರೆ ಈ ವೈನ್ ನೀರಿನ ಹಾಗೆ ಅನ್ಸತ್ತೆ. ಇಲ್ಲಿ ಎಳೇ ಕುರಿ ಮಾಂಸಾನ ಉಪ್ಪು ಮೆಣಸು ಮಾತ್ರ ಹಾಕಿ ಸುಡ್ತಾರೆ. ವೆಜ್‌ನೋರಿಗೆ ಬೆಣ್ಣೇಲಿ ಹುರಿದ ಅಣಬೆ ಸಾಕು. ಮೊಟ್ಟೇನೂ ಮುಟ್ಟದ ಪಕ್ಕಾ ವೆಜ್ ಇರೋರಿಗೆ ಮೊದಲೇ ಹೇಳ್ಬಿಡಿ, ಮಾರ್ಗೋದಲ್ಲಿ ವೈನ್ ತಿಳಿ ಮಾಡೋಕೆ ಪೀಪಾಯಿಗೆ ಮೊಟ್ಟೆ ಬಿಳಿ ಹಾಕೋದು ಹಳೇ ಪದ್ಧತಿ, ಗೊತ್ತಿಲ್ಲದೆ ಕುಡಿಸೋದು ತಪ್ಪು.

ಮೊದಲ್ನೇ ಸಲಾನೇ ಇಷ್ಟು ದುಬಾರಿ ಬಾಟ್ಲಿ ಮೇಲೆ ಕೈ ಹಾಕೋಕೆ ಭಯ ಅನ್ನೋರು ಮೆಡಾಕಿನದೇ ಐದನೇ ದರ್ಜೆಯ ಶಾಟೋ ಕಾಂತ್ಮೆರ್ಲ್ ಥರದ್ದು, ಹದಿನೈದು ಇಪ್ಪತ್ತು ವರ್ಷದ್ದು ತಗೊಂಡು ನಿಲ್ಲಿಸೋದು, ಸುರಿಯೋದು ಅಭ್ಯಾಸ ಮಾಡಿ. ಬೆಲೆ ಎಷ್ಟೋ ಕಮ್ಮಿ, ಗಸಿ ಅದರಲ್ಲೂ ಇರತ್ತೆ.

ಖಾಲಿ ಬಾಟ್ಲೀನ ಹಾಗೇ ಗುಜರಿಗೋ ಹೋಟೆಲಿನವರಿಗೋ ಕೊಡ್ಬೇಡಿ. ದೊಡ್ಡ ಹೆಸರಿನ ಖಾಲಿ ಬಾಟ್ಲೀಲಿ ಬೇರೆ ವೈನ್ ತುಂಬಿ ಮಾರೋ ದಂಧೆ ನಿಜವಾಗ್ಲೂ ಇದೆ, ರೂಡಿ ಕುರ್ನಿಯವಾನ್ ಅನ್ನೋನು ಅಮೆರಿಕದಲ್ಲಿ ಮನೇಲೇ ನಕಲಿ ಹಳೇ ವೈನ್ ತಯಾರಿಸಿ ಮಾರಿ 2014ರಲ್ಲಿ ಹತ್ತು ವರ್ಷ ಜೈಲು ಶಿಕ್ಷೆ ತಗೊಂಡ. ಇಟ್ಕೊಳ್ಳೋ ಆಸೆ ಇದ್ರೆ ಮನೇಲಿ ಇಟ್ಕೊಳ್ಳಿ, ಇಲ್ಲಾ ಲೇಬಲ್ ಮೇಲೆ ದಪ್ಪ ಪೆನ್ನಲ್ಲಿ ತಾರೀಕು ಬರೆದು ಆಮೇಲೆ ಕೊಡಿ. ಓನರ್ ಮನೇಲಿ ಅವತ್ತು ಮಗಳೇ ಲೇಬಲ್ ಮೇಲೆ ನಾವು ಆರೂ ಜನರ ಹೆಸರು ಬರೆದ್ರು, ನನ್ನ ಹೆಸರನ್ನ ಕನ್ನಡದಲ್ಲಿ ನನ್ನ ಕೈಲೇ ಬರೆಸಿದ್ರು. ತಳದ ಗಸಿ ಎಸೀಲಿಲ್ಲ, ಮಾರನೇ ದಿನ ಅವರ ಹೆಂಡತಿ ಅದನ್ನ ಸೋಸಿ ಈರುಳ್ಳಿ ಬೆಣ್ಣೆ ಜೊತೆ ಕುದಿಸಿ ಸಾಸ್ ಮಾಡಿ, ಒಂದು ಪುಟ್ಟ ಬಟ್ಟಲಲ್ಲಿ ನಮ್ಮ ಮನೆಗೂ ತಂದು ಕೊಟ್ರು.